ತೊಳೆಯದ ಖಣ

ಇಳಕಲ್
18 ಜನವರಿ 2024

ದಸ್ತಗೀರಬಿ ಅಕ್ಕಾರಿಗೆ,

ಫೋನಿನಲ್ಲಿ ಹೇಳಿದ ಅಳತೆ ತಲೆಯಲ್ಲಿ ನಿಲ್ಲುವುದಿಲ್ಲ, ಚೀಟಿ ಬರೆದು ಬಸ್ಸಿಗೆ ಹಾಕು ಎಂದು ನೀವೇ ಹೇಳಿದ್ದಿರಿ. ಚೀಟಿ ಬರೆಯಲು ಕೂತರೆ ನನ್ನ ಕೈಯಲ್ಲಿ ಅದು ಪತ್ರವೇ ಆಗುತ್ತದೆ. ಬೇಸರಪಡದೆ ಓದಿ.

ದೊಡ್ಡದೊಂದು ಕೆಲಸ ಬಂದಿದೆ. ಹುನಗುಂದದ ಶೀಲಾ ಎಂಬವರ ಮಗಳು ಕಸ್ತೂರಿ ಈಗ ಏಳು ತಿಂಗಳ ಬಸುರಿ. ಫೆಬ್ರುವರಿ ಎಂಟಕ್ಕೆ ಕುಬಸ, ಸೀಮಂತದ ಕಾರ್ಯ. ಬಂದ ಹೆಣ್ಣುಮಕ್ಕಳಿಗೆ ಸ್ಟೀಲಿನ ಬಟ್ಟಲು ಕೊಟ್ಟು ಕೊಟ್ಟು ಸಾಕಾಗಿದೆಯಂತೆ. "ಘಮ ಅನ್ನೂದು ಏನರ ಮಾಡಿಕೊಡವಾ" ಎಂದರು. ಅರವತ್ತು ಸಣ್ಣ ಗಂಟು, ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟುಕೊಳ್ಳಲು. ಒಳಗೆ ಲಾವಂಚ, ಮರುಗ, ಒಣಗಿದ ಗುಲಾಬಿ. ಅದರ ಜೊತೆಗೆ ಒಂದೇ ಒಂದು ದೊಡ್ಡ ಗಂಟು, ಕಸ್ತೂರಿಯ ಉಡಿಯಲ್ಲಿ ಹಾಕಲು. ಅದು ಬಾಣಂತಿ ಜಳಕಕ್ಕೆ. ಹಂಡೆಯಿಂದ ತೋಡಿದ ಬಿಸಿನೀರಿನಲ್ಲಿ ಗಂಟನ್ನು ನೆನೆಯಬಿಟ್ಟು ಆ ನೀರನ್ನು ಎರೆಯುವುದು. ಕಚೋರ, ಬೇವು, ಕಿತ್ತಳೆ ಸಿಪ್ಪೆ, ಲಾವಂಚದ ಬೇರು ಎಲ್ಲ ಒಣಗಿ ಸಿದ್ಧವಾಗಿವೆ. ಮನೆಯ ಮಾಳಿಗೆ ಮೇಲೆ ಕಾಲಿಡಲು ಜಾಗವಿಲ್ಲ.

ಎಲ್ಲವೂ ಕುಂಕುಮದ ಬಣ್ಣದ ಖಣದ ಬಟ್ಟೆಯಲ್ಲಿ ಬೇಕು. ಅಳತೆ ಹಾಳೆಯ ಹಿಂಬದಿಯಲ್ಲಿದೆ. ಬಾಗಲಕೋಟೆಯ ಪ್ರದರ್ಶನದಲ್ಲಿ ನಿಮ್ಮ ಮೇಜಿನ ಪಕ್ಕಕ್ಕೆ ನನ್ನ ಮೇಜು ಬಾರದೆ ಇದ್ದಿದ್ದರೆ ನಾನು ಇವತ್ತಿಗೂ ಸೀಗೆಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಾರುತ್ತಿದ್ದೆ. ಈ ನಾಲ್ಕು ವರ್ಷ ಜನ ಮೊದಲು ನೋಡಿದ್ದು ನಿಮ್ಮ ಹೊಲಿಗೆಯನ್ನು, ಆಮೇಲೆ ಮೂಸಿದ್ದು ನನ್ನ ಪುಡಿಯನ್ನು.

ಜಳಕಕ್ಕೆ ಮೈಗೆ ಹಚ್ಚುವ ಉಟಣೆ ಪುಡಿ ಒಂದು ಡಬ್ಬಿ ಇಟ್ಟಿದ್ದೇನೆ. ನಿಮಗೆ, ಸೊಸೆಗಲ್ಲ.

ನಿಮ್ಮ
ಶಿವಗಂಗಾ


ಗುಳೇದಗುಡ್ಡ
22 ಜನವರಿ

ಶಿವಗಂಗಾಗೆ,

ಉಟಣೆ ಬಂತು. ಸೊಸೆ ಆಗಲೇ ಅರ್ಧ ಖಾಲಿ ಮಾಡಿದ್ದಾಳೆ. ನಿನ್ನ ಪತ್ರವನ್ನೂ ಅವಳೇ ಮೊದಲು ಓದಿದ್ದು, ಅದಕ್ಕೆ.

ಅಳತೆ ಸರಿಯಾಗಿದೆ. ಸಣ್ಣ ಗಂಟಿನದು ನನಗೆ ಚಿಂತೆಯಿಲ್ಲ. ದೊಡ್ಡದು ಬಿಸಿನೀರಿಗೆ ಬೀಳುವಂಥದು. ಹೊಸ ಖಣ ಬಿಸಿನೀರಿಗೆ ಬಿದ್ದರೆ ಬಣ್ಣ ಬಿಡುತ್ತದೆ, ಕೆಂಪಂತೂ ಕೇಳಲೇಬೇಡ. ಒಂದು ದಿನ ಉಪ್ಪುನೀರಿನಲ್ಲಿ ನೆನೆಸಿ, ನೀರು ತಿಳಿಯಾಗುವ ತನಕ ತೊಳೆದು, ನೆರಳಿನಲ್ಲಿ ಒಣಗಿಸಬೇಕು. ಆಮೇಲೆ ಹೊಲಿಯಬೇಕು. ನನಗೆ ಅದಕ್ಕೇ ನಾಲ್ಕು ದಿನ ಹೆಚ್ಚು ಬೇಕು. ತೊಳೆದ ಮೇಲೆ ಹೊಳಪು ಹೋಗುತ್ತದೆ ಎಂದು ಅವರಿಗೆ ಮೊದಲೇ ಹೇಳಿಬಿಡು. ಆಮೇಲೆ ಹಳೆಯ ಬಟ್ಟೆ ಹೊಲಿದಿದ್ದಾಳೆ ಎನ್ನುವುದು ಬೇಡ.

ದಸ್ತಗೀರಬಿ


ಇಳಕಲ್
25 ಜನವರಿ

ಅಕ್ಕಾರ,

ನೀವು ಹೇಳಿದ್ದು ಸರಿ. ಆದರೆ ನಾಲ್ಕು ದಿನ ನನ್ನ ಹತ್ತಿರ ಇಲ್ಲ. ಮೇಲಾಗಿ ನಮ್ಮ ಅತ್ತೆ ಗುರುಸಿದ್ದವ್ವ ನಿಮ್ಮ ಪತ್ರ ಓದಿಸಿಕೊಂಡು ಹಣೆ ಬಡಿದುಕೊಂಡರು. "ಉಡಿಯಾಗ ತೊಳದ ಖಣ ಯಾರರ ಹಾಕ್ತಾರೇನ? ಉಡಿಗೆ ಹಾಕೂದು ಹೊಸಾದು, ಘಡಿ ಮುರೀಲಾರದ್ದ ಇರಬೇಕು" ಎಂದರು. ಶೀಲಾ ಅವರೂ ಹಾಗೇ. ಫೋಟೋದವನನ್ನು ಗೊತ್ತುಮಾಡಿದ್ದಾರೆ, ಗಂಟು ಮಿರಿಮಿರಿ ಮಿಂಚಬೇಕಂತೆ.

ನೀವು ಹೊಸದನ್ನೇ ಹೊಲಿದು ಕಳಿಸಿಬಿಡಿ. ದೊಡ್ಡದೊಂದನ್ನು ನಾನೇ ಇಲ್ಲಿ ತೊಳೆದು ಒಣಗಿಸಿ ತುಂಬುತ್ತೇನೆ. ಒಂದು ಚೀಲ ತೊಳೆಯಲು ನನಗೆ ಬಾರದೆ? ಬೇಕಾದರೆ ಆಣೆ ಮಾಡುತ್ತೇನೆ.

ಶಿವಗಂಗಾ


ಇಳಕಲ್
11 ಫೆಬ್ರುವರಿ

ಅಕ್ಕಾರ,

ಕುಬಸ ಚೆನ್ನಾಗಿ ಆಯಿತು. ನಾನೂ ಹೋಗಿದ್ದೆ. ಹಸಿರು ಸೀರೆ, ಹಸಿರು ಬಳೆ, ಹೂವಿನ ದಂಡೆ, ಕಸ್ತೂರಿಯ ಮುಖ ನೋಡಲು ಎರಡು ಕಣ್ಣು ಸಾಲವು. ಉಡಿಯಲ್ಲಿ ಐದು ತೆಂಗಿನಕಾಯಿ, ಅವುಗಳ ನಡುವೆ ನಮ್ಮ ಗಂಟು. ಇಡೀ ಪಡಸಾಲೆ ಘಮ್ ಎಂದಿತು. ಅಲ್ಲೇ ನಿಂತಲ್ಲೇ ಮೂವರು ತಮ್ಮ ಮನೆಯ ಕಾರ್ಯಕ್ಕೂ ಬೇಕು ಎಂದರು. ಫೋಟೋ ಒಂದು ಪ್ರತಿ ನಿಮಗೆಂದು ಕಳಿಸಿದ್ದೇನೆ.

ನಿಮ್ಮ ತಂಗಿ
ಶಿವಗಂಗಾ


ಗುಳೇದಗುಡ್ಡ
16 ಫೆಬ್ರುವರಿ

ಶಿವಗಂಗಾ,

ಫೋಟೋ ಬಂತು. ಹುಡುಗಿ ಲಕ್ಷಣವಾಗಿದ್ದಾಳೆ. ಉಡಿಯಲ್ಲಿರುವ ಗಂಟು ಬಹಳ ಹೊಳೆಯುತ್ತಿದೆ. ತೊಳೆದ ಖಣ ಅಷ್ಟು ಹೊಳೆಯುವುದನ್ನು ನಾನು ನೋಡಿಲ್ಲ. ಫೋಟೋದ ಬೆಳಕಿಗೆ ಹಾಗೆ ಕಂಡಿರಬಹುದು.

ದಸ್ತಗೀರಬಿ


ಗುಳೇದಗುಡ್ಡ
2 ಮೇ

ಶಿವಗಂಗಾ,

ನಿನ್ನ ಫೋನು ಎರಡು ಸಲ ಬಂತು. ಬೇಕೆಂದೇ ಎತ್ತಲಿಲ್ಲ. ಬಾಯಿಂದ ಮಾತಾಡಿದರೆ ನಾನು ಏನಾದರೂ ಅಂದುಬಿಡುತ್ತೇನೆ. ಬರೆಯುವಾಗ ಸ್ವಲ್ಪ ಬಿಗಿ ಇರುತ್ತದೆ.

ಏಪ್ರಿಲ್ ಇಪ್ಪತ್ತೆಂಟಕ್ಕೆ, ಬೆಳಿಗ್ಗೆ ಹನ್ನೊಂದರ ಹೊತ್ತು, ಹುನಗುಂದದಿಂದ ಒಂದು ಗಾಡಿಯಲ್ಲಿ ಶೀಲಾ ಅವರು, ಅವರ ಮೈದುನ ಮತ್ತು ಇನ್ನಿಬ್ಬರು ಬಂದರು. ಮನೆಯ ಒಳಗೆ ಬರಲಿಲ್ಲ. ಕಟ್ಟೆಯ ಮುಂದೆ ನಿಂತೇ ಮಾತಾಡಿದರು. ಓಣಿಯಲ್ಲಿ ಮಗ್ಗಗಳು ಒಂದೊಂದಾಗಿ ನಿಂತವು, ಎಲ್ಲರೂ ಹೊರಗೆ ಬಂದರು.

ಅವರು ಹೇಳಿದ್ದು ಇಷ್ಟು. ಹೆರಿಗೆಯಾದ ಆರನೆಯ ದಿನ ಕಸ್ತೂರಿಗೆ ಎರೆಯಲು ಬೋರವ್ವ ಎಂಬಾಕೆ ನಿನ್ನ ಗಂಟನ್ನು ಬಿಸಿನೀರಿಗೆ ಹಾಕಿದ್ದಾಳೆ. ಬಚ್ಚಲಲ್ಲಿ ಬೆಳಕು ಕಡಿಮೆ. ನಾಲ್ಕು ತಂಬಿಗೆ ಎರೆದ ಮೇಲೆ ನೋಡಿದರೆ ಹುಡುಗಿಯ ಮೈ, ಕಾಲು, ಬಚ್ಚಲ ಕಲ್ಲು ಎಲ್ಲ ಕೆಂಪು. ಬಾಣಂತಿಗೆ ರಕ್ತ ಹೋಗುತ್ತಿದೆ ಎಂದು ಬೋರವ್ವ ಕೂಗಿಕೊಂಡಳು. ಹುಡುಗಿ ಅಲ್ಲೇ ಎಚ್ಚರ ತಪ್ಪಿ ಬಿದ್ದಳು. ಹಸಿ ಮೈಯಲ್ಲೇ ಗಾಡಿಗೆ ಹಾಕಿಕೊಂಡು ದವಾಖಾನೆಗೆ ಓಡಿದ್ದಾರೆ. ಅಲ್ಲಿ ಒಬ್ಬ ನರ್ಸು ಸೀರೆ ಮೂಸಿ ನೋಡಿ ಇದು ಬಟ್ಟೆಯ ಬಣ್ಣ ಎಂದಳಂತೆ.

ತಪ್ಪು ನನ್ನದು ಎಂದು ಅವರಿಗೆ ಯಾರೋ ಹೇಳಿದ್ದಾರೆ. ಯಾರು ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು. "ಶಿವಗಂಗಾ ಅಂದಾಳ, ನೀವ ತೊಳದು ಕೊಡಬೇಕಿತ್ತಂತ." ಅವರ ಮೈದುನ ಇನ್ನೊಂದು ಮಾತು ಅಂದ. "ಅಂಥಾವ್ರ ಕೈಯಾಗಿನ ಗಂಟು ಬಾಣಂತಿ ಮೈಗೆ ಯಾಕ ಹಚ್ಚಬೇಕಿತ್ತು" ಎಂದ. ಅಂಥಾವ್ರು ಅಂದರೆ ಯಾರು ಎಂದು ನಾನು ಕೇಳಲಿಲ್ಲ. ಬಾಯಿಗೆ ಬಂದದ್ದು ಹೇಳಿ ಅವರನ್ನು ಸಾಗಹಾಕಿದೆ.

ಈಗ ನಾನು ಕೇಳುವುದು ಒಂದೇ. ನೀನು ತೊಳೆದೆಯೋ ಇಲ್ಲವೋ? ಉತ್ತರ ಒಂದು ಸಾಲಿದ್ದರೆ ಸಾಕು.

ದಸ್ತಗೀರಬಿ


ಇಳಕಲ್
20 ಜೂನ್

ಪ್ರೀತಿಯ ಅಕ್ಕಾರ,

ಬಹಳ ದಿನವಾಯಿತು ಬರೆದು. ಬೇಸಿಗೆಯಲ್ಲಿ ಅತ್ತೆಗೆ ಮೈ ಹುಷಾರಿರಲಿಲ್ಲ, ಮೇಲಿಂದ ಮೇಲೆ ಮನೆಗೆ ಬಂದವರು ಹೋದವರು. ಮಳೆ ಈ ಸಲ ಬೇಗ ಬಂತು, ಮಾಳಿಗೆಯ ಮೇಲಿದ್ದ ಮರುಗವೆಲ್ಲ ತೋಯ್ದು ಬೂಷ್ಟು ಹಿಡಿಯಿತು.

ಆದದ್ದು ಆಗಿಹೋಯಿತು. ಎಲ್ಲರಿಂದಲೂ ಒಂದಿಷ್ಟು ಹೆಚ್ಚುಕಡಿಮೆ ಆಗಿರುತ್ತದೆ. ಕಸ್ತೂರಿ, ಮಗು ಇಬ್ಬರೂ ಆರಾಮ ಇದ್ದಾರಂತೆ, ಅದೇ ದೊಡ್ಡದು. ಈ ಪೆಟ್ಟಿಗೆಯಲ್ಲಿ ಹನ್ನೆರಡು ಸೋಪು ಇಟ್ಟಿದ್ದೇನೆ. ಕೊಬ್ಬರಿ ಎಣ್ಣೆಯಲ್ಲಿ ಮಾಡಿ ಆರು ವಾರ ಆರಿಸಿದ್ದು, ಬೇವಿನದು ಆರು, ಗುಲಾಬಿಯದು ಆರು. ಶ್ರಾವಣಕ್ಕೆ ನಲವತ್ತು ಸಣ್ಣ ಚೀಲ ಬೇಕಾಗಿದ್ದವು. ನಿಮ್ಮ ಕೈ ಬಿಡುವಿದ್ದರೆ ಹೇಳಿ.

ಶಿವಗಂಗಾ


ಗುಳೇದಗುಡ್ಡ
24 ಜೂನ್

ಶಿವಗಂಗಾ,

ಸೋಪು ತಿರುಗಿ ಕಳಿಸಿದ್ದೇನೆ. ಹನ್ನೆರಡೂ ಇವೆ. ನಾನು ಕೇಳಿದ್ದು ಒಂದು ಸಾಲು.

ದಸ್ತಗೀರಬಿ


ಇಳಕಲ್
15 ಜುಲೈ

ಅಕ್ಕಾರ,

ತೊಳೆಯಲಿಲ್ಲ.

ಈ ಒಂದು ಸಾಲಿಗೆ ಎರಡೂವರೆ ತಿಂಗಳು ಬೇಕಾಯಿತು. ಇದರ ಕೆಳಗೆ ಹೆಸರು ಹಾಕಿ ಮುಗಿಸೋಣ ಎಂದಿದ್ದೆ. ಆದರೆ ಇಷ್ಟೇ ಬರೆದರೆ ಮರೆತು ತೊಳೆಯಲಿಲ್ಲ ಎಂದು ನೀವು ತಿಳಿಯಬಹುದು. ಹಾಗೆ ತಿಳಿಯಲಿ ಎಂದು ನನಗೂ ಒಳಗೊಳಗೆ ಆಸೆ ಇದೆ. ಅದಕ್ಕೇ ಪೂರ್ತಿ ಬರೆಯುತ್ತೇನೆ.

ನಿಮ್ಮ ಚೀಲಗಳು ಬಂದ ದಿನವೇ ಬೋಗುಣಿಯಲ್ಲಿ ಉಪ್ಪುನೀರು ಕಲಸಿದೆ. ದೊಡ್ಡ ಚೀಲದ ಒಂದು ಮೂಲೆ ಅದ್ದಿದೆ. ಆ ಕ್ಷಣವೇ ನೀರಿನಲ್ಲಿ ಕೆಂಪು ಎಳೆ ಎಳೆಯಾಗಿ ಬಿಟ್ಟಿತು, ಮೂಲೆಯ ಹೊಳಪು ಅಲ್ಲೇ ಮಂಕಾಯಿತು. ಶೀಲಾ ಅವರ ಪಡಸಾಲೆ, ಫೋಟೋದವನು, ಬರುವ ಅರವತ್ತು ಹೆಣ್ಣುಮಕ್ಕಳು, ಎಲ್ಲ ಕಣ್ಣ ಮುಂದೆ ಬಂದರು. ಚೀಲವನ್ನು ತೆಗೆದುಬಿಟ್ಟೆ. ಮಂಕಾದ ಮೂಲೆಯನ್ನು ಒಳಗೆ ಮಡಚಿ ಅದರ ಮೇಲೆ ಗೊಂಡೆ ಹೊಲಿದೆ. ಬೋಗುಣಿಯ ನೀರನ್ನು ತುಳಸಿಗೆ ಹಾಕಬಾರದೆಂದು ಗಟಾರಕ್ಕೆ ಚೆಲ್ಲಿದೆ. ಇಷ್ಟೆಲ್ಲ ನೆನಪಿದೆ. ಗೊತ್ತಿಲ್ಲದೆ ಮಾಡಿದ್ದಲ್ಲ ಅಕ್ಕಾರ, ನೋಡಿ ನೋಡಿ ಮಾಡಿದ್ದು.

ಶೀಲಾ ಅವರ ಫೋನು ದವಾಖಾನೆಯಿಂದಲೇ ಬಂತು. "ಏನ್ ಹಾಕೀದಿ ಅದರಾಗ? ನನ್ನ ಮಗಳು ಸಾಯ್ತಿದ್ಲಲ್ಲ" ಎಂದು ಕಿರುಚಿದರು. ನನ್ನ ಬಾಯಿಂದ ಬಂದ ಮಾತು ಇದು, ಅಕ್ಷರ ಬಿಡದೆ ಬರೆಯುತ್ತೇನೆ. "ಒಳಗಿನ ಸಾಮಾನು ನಂದ್ರಿ, ಅದು ಚೊಕ್ಕ ಐತಿ. ಬಟ್ಟಿ ನಂದಲ್ಲ. ಗುಳೇದಗುಡ್ಡದಾಗ ದಸ್ತಗೀರಬಿ ಅಂತ ಅದಾರ, ಅವರ ಹೊಲಿಯೂದು. ಅವರು ತೊಳದು ಕೊಡಬೇಕಿತ್ರಿ." ಯಾರೂ ನನ್ನನ್ನು ಹೆಸರು ಕೇಳಿರಲಿಲ್ಲ. ನಾನೇ ಕೊಟ್ಟೆ, ಊರ ಸಮೇತ.

ಅವರು "ಹಂಗಾ?" ಎಂದರು. ದನಿ ಅಲ್ಲಿಗೆ ಇಳಿಯಿತು. ಹಿಂದಿನಿಂದ ಅವರ ಮೈದುನ "ಹೆಸರ ಕೇಳಿದ ಮ್ಯಾಲ ತಿಳೀತಿಲ್ಲ?" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ನಾನು ಹೌದು ಎನ್ನಲಿಲ್ಲ, ಹಂಗೆನ್ನಬೇಡಿ ಎನ್ನಲೂ ಇಲ್ಲ. ಫೋನು ಕಿವಿಗೆ ಹಿಡಿದುಕೊಂಡೇ ಇದ್ದೆ. ಸಿಟ್ಟು ನನ್ನ ಮನೆಯ ಬಾಗಿಲು ಬಿಟ್ಟು ಬೇರೆ ಕಡೆ ತಿರುಗಿತಲ್ಲ ಎಂದು ನನಗೆ ಹಗುರ ಎನಿಸಿತು. ನಾಚಿಕೆ ಆಮೇಲೆ ಬಂತು, ಬಂದದ್ದು ಇನ್ನೂ ಹೋಗಿಲ್ಲ. ನಿಮ್ಮ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇನೆ. ನನ್ನ ಮಗಳ ಮದುವೆಯ ಕುಪ್ಪಸಗಳನ್ನು ರಂಜಾನ್ ತಿಂಗಳಲ್ಲಿ ಉಪವಾಸವಿದ್ದು ಹೊಲಿದುಕೊಟ್ಟಿರಿ.

ಇನ್ನು ಮುಂದೆ ಪ್ರತಿ ಗಂಟಿಗೂ "ಹೊಲಿದವರು ದಸ್ತಗೀರಬಿ" ಎಂದು ಚೀಟಿ ಹಚ್ಚುತ್ತೇನೆ. ನೀವು ಏನು ಹೇಳಿದರೂ ಕೇಳುತ್ತೇನೆ. ಬೈದಾದರೂ ಬರೆಯಿರಿ.

ಶಿವಗಂಗಾ


ಗುಳೇದಗುಡ್ಡ
22 ಜುಲೈ

ಶಿವಗಂಗಾ,

ಮೂರು ಹಾಳೆ ಬರೆದಿದ್ದೀಯ. ನನಗೆ ಗೊತ್ತಿದ್ದುದನ್ನೇ ನನಗೆ ಹೇಳಿದ್ದೀಯ. ಗೊಂಡೆಯದೊಂದು ಗೊತ್ತಿರಲಿಲ್ಲ.

ಇದನ್ನು ಓದಿ ನಾನು ಕಣ್ಣೀರು ಹಾಕಿದೆ ಎಂದು ಬರೆದರೆ ನಿನಗೆ ಸಮಾಧಾನ ಆಗುತ್ತದೆ. ಅದಕ್ಕೇ ಬರೆಯುವುದಿಲ್ಲ. ಹುನಗುಂದದಲ್ಲಿ ಹೇಳಿದ ಮಾತನ್ನು ಹುನಗುಂದದಲ್ಲೇ ತಿರುಗಿ ತೆಗೆದುಕೋ. ನನ್ನ ಕಿವಿಯಲ್ಲಿ ಹೇಳಿದರೆ ಅವರಿಗೆ ಹೇಗೆ ಕೇಳಿಸೀತು? ಇಲ್ಲಿ ಕುಪ್ಪಸ ಹೊಲಿಯಲು ಕೊಡುತ್ತಿದ್ದವರು ಈಗ ನಮ್ಮ ಮನೆ ದಾಟಿ ಮುಂದಿನ ಮನೆಗೆ ಹೋಗುತ್ತಾರೆ. ಹೋಗುವಾಗ ಮುಖ ಆ ಕಡೆ ತಿರುಗಿಸುತ್ತಾರೆ, ಪಾಪ, ಅವರಿಗೂ ಕಷ್ಟ.

ಚೀಟಿಯ ಮೇಲೆ ನನ್ನ ಹೆಸರು ಬರೆಯಬೇಡ. ನಿನ್ನ ಬಾಯಲ್ಲಿ ಒಂದು ಸಲ ಬಂದದ್ದೇ ಸಾಕು.

ದಸ್ತಗೀರಬಿ


ಇಳಕಲ್
30 ಆಗಸ್ಟ್

ಅಕ್ಕಾರ,

ನಿನ್ನೆ ಹುನಗುಂದಕ್ಕೆ ಹೋಗಿದ್ದೆ. ಹೇಳದೆ ತಿರುಗಿ ಬಂದೆ.

ಬಸ್ಸಿನಲ್ಲಿ ಕೂತು ಮಾತು ಹೊಂದಿಸಿಕೊಂಡಿದ್ದೆ. ಬಾಗಿಲಲ್ಲಿ ಶೀಲಾ ಅವರು ನನ್ನನ್ನು ಕಂಡವರೇ "ಅಯ್ಯ, ಬಾರವಾ, ಬಾ. ನಿಂದೇನ ತಪ್ಪೈತಿ ಅದರಾಗ, ನೀ ಯಾಕ ಬರೂದು ಬಿಟ್ಟಿ?" ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಚಹಾ ಕೊಟ್ಟರು, ಕುಡಿದೆ. ಅವಲಕ್ಕಿ ಕೊಟ್ಟರು, ಅದನ್ನೂ ತಿಂದೆ. ಮಗುವನ್ನು ತೊಡೆಯ ಮೇಲೆ ಹಾಕಿದರು. ಹೆಣ್ಣು ಮಗು, ಕೂದಲು ದಟ್ಟವಾಗಿದೆ. ಮಗುವಿಗೆಂದು ಒಯ್ದಿದ್ದ ಹೆಸರುಹಿಟ್ಟಿನ ಪುಡಿಯ ಡಬ್ಬಿಯನ್ನು ಅಲ್ಲಿಟ್ಟು ಎದ್ದು ಬಂದೆ. ಶೀಲಾ ಅವರು ಬಸ್ ನಿಲ್ದಾಣದ ತನಕ ಕಳಿಸಲು ಬಂದರು.

ಇಷ್ಟು ಹೇಡಿ ಎಂದು ನನಗೇ ಗೊತ್ತಿರಲಿಲ್ಲ. ನಿಮಗೆ ಹೇಳದಿದ್ದರೆ ಹೋಗಿಯೇ ಇಲ್ಲ ಎಂದುಕೊಂಡು ಸುಮ್ಮನಾಗಿಬಿಡುತ್ತೇನೆಂದು ಬರೆದೆ.

ಶಿವಗಂಗಾ


ಇಳಕಲ್
3 ಅಕ್ಟೋಬರ್

ಅಕ್ಕಾರ,

ನೀವು ಆ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಬರೆಯಬೇಕಾದದ್ದೂ ಏನಿರಲಿಲ್ಲ.

ಮೊನ್ನೆ ಮತ್ತೆ ಹೋದೆ. ಈ ಸಲ ಹೊಸ್ತಿಲು ದಾಟುವ ಮೊದಲೇ, ಚಪ್ಪಲಿ ಕಾಲಲ್ಲಿ ಇರುವಾಗಲೇ ಹೇಳಿದೆ. ಕೂತರೆ ಮತ್ತೆ ಚಹಾ ಬರುತ್ತದೆಂದು ಹೆದರಿಕೆ. "ದಸ್ತಗೀರಬಿ ಅಕ್ಕಾರು ತೊಳೀಬೇಕಂತ ಬರದು ಹೇಳಿದ್ರು. ನಾನ ತೊಳೀತೇನಿ ಅಂತ ಹೇಳಿ ತೊಳೀಲಿಲ್ಲ. ಬಣ್ಣ ಬಿಡೂದು ಕಣ್ಣಾರೆ ನೋಡಿ, ಹೊಳಪು ಹೋಗ್ತೈತಂತ ಬಿಟ್ಟೆ. ಆಮ್ಯಾಲ ನಿಮ್ಮ ಮುಂದ ಅವರ ಹೆಸರು ಹೇಳಿದೆ." ನಿಮ್ಮ ಜನವರಿಯ ಪತ್ರವನ್ನೂ ಒಯ್ದಿದ್ದೆ, ಅವರ ಕೈಗೆ ಕೊಟ್ಟೆ.

ಪಡಸಾಲೆಯಲ್ಲಿ ಕಸ್ತೂರಿ ಮಗುವನ್ನು ಮಲಗಿಸುತ್ತಿದ್ದಳು. ಬೋರವ್ವ ಗೋಡೆಗೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದಳು. ಮೊದಲು ಮಾತಾಡಿದ್ದು ಅವಳೇ. "ಹೊಸ ಖಣ ಬಣ್ಣ ಬಿಡ್ತೈತಿ ಅನ್ನೂದು ಹುಟ್ಟಿದ ಕೂಸಿಗೂ ಗೊತ್ತೈತಿ. ದವಾಖಾನ್ಯಾಗ ನಾ ಅವತ್ತ ಹೇಳಿದ್ನಿ, ಯಾರ ಕೇಳಿದ್ರಿ?" ಎಂದಳು.

ಶೀಲಾ ಅವರು ನಿಮ್ಮ ಪತ್ರವನ್ನು ಕೊನೆಯ ತನಕ ಓದಿದರು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಬೈಯಲಿಲ್ಲ. "ನನಗೂ ಗೊತ್ತಿತ್ತವಾ" ಎಂದರು. "ಉಡ್ಯಾಗ ಬಂದ ಖಣ ಎಷ್ಟ ತೊಳದೇನಿ ನಾನು. ನೀ ಒಂದ ಹೆಸರ ಹೇಳಿದಿ. ಆ ಹೆಸರು ಕೇಳಿದ ಮ್ಯಾಲ ನಮಗ ಬ್ಯಾರೆ ಏನೂ ಬೇಕಾಗಲಿಲ್ಲ. ಮನ್ಯಾಗಿನವರೆಲ್ಲ ಹಂಗ ಅಂದ್ರು, ನಾನೂ ಅವರ ಸಂಗಾಟ ಗಾಡಿ ಹತ್ತಿದೆ." ಅವರು ಹೀಗೆ ಹೇಳಿದ ಮೇಲೆ ನನ್ನ ಭಾರ ಇಳಿಯಲಿಲ್ಲ, ಹೆಚ್ಚಾಯಿತು. ಅವರಿಗೆ ಬೇಕಾಗಿದ್ದುದು ಏನೆಂದು ಆ ದಿನ ಫೋನಿನಲ್ಲಿ ನನಗೂ ಗೊತ್ತಿತ್ತು ಅಕ್ಕಾರ. ಗೊತ್ತಿದ್ದೇ ಕೊಟ್ಟೆ.

ಎದ್ದು ಹೊರಡುವಾಗ ಕಸ್ತೂರಿ ಕರೆದಳು. "ಮಾವಶಿ, ಇದನ್ನ ಆವಾಗ ಹೇಳಿದ್ರ ಚಲೋ ಆಗ್ತಿತ್ರಿ" ಎಂದಳು. "ಬಣ್ಣ ಅಂತ ಅವ್ವ ಹೇಳ್ತಿದ್ಲು. ನನಗ ನಂಬಿಕಿ ಬರಲಿಲ್ಲ. ನನ್ನ ಅಂಜಿಕಿ ಹೋಗಲಿ ಅಂತ ಸುಳ್ಳ ಹೇಳ್ತಾಳ, ನನ್ನ ಒಳಗ ಏನೋ ಕೆಟ್ಟೈತಿ ಅಂತ ತಿಳಕೊಂಡಿದ್ನಿ. ಐದು ತಿಂಗಳು ದಿನಾ ಜಳಕದ ನೀರು ನೋಡ್ಕೋತ ನಿಂತೇನಿ."

ನಿಮಗೆ ಬರೆದ ಆ ಮೂರು ಹಾಳೆಯಲ್ಲಿ ಕಸ್ತೂರಿಯ ಹೆಸರು ಒಂದು ಸಲವೂ ಇಲ್ಲ. ಮನೆಗೆ ಬಂದು ಅದನ್ನು ನೆನೆದು ಕೂತೆ. ನನ್ನ ತಪ್ಪು, ನನ್ನ ನಾಚಿಕೆ, ನನ್ನ ಹೆಸರು ಎಂದು ನಾನು ಒದ್ದಾಡುತ್ತಿದ್ದಾಗ ಆ ಹುಡುಗಿ ಬಚ್ಚಲಲ್ಲಿ ನಿಂತು ನೀರು ನೋಡುತ್ತಿದ್ದಳು.

ಶೀಲಾ ಅವರು ನಿಮ್ಮ ಊರಿಗೆ ಬರುತ್ತೇನೆ ಎಂದಿದ್ದಾರೆ. ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಗಂಟು ಮಾಡುವುದನ್ನು ನಿಲ್ಲಿಸಿದ್ದೇನೆ. ಪುಡಿಯೂ ಇಲ್ಲ, ಸೋಪೂ ಇಲ್ಲ. ದೀಪಾವಳಿಗೆ ಉಟಣೆ ಕೇಳಲು ಬಂದವರಿಗೆ ಈ ವರ್ಷ ಇಲ್ಲ ಎಂದೆ.

ಶಿವಗಂಗಾ


ಗುಳೇದಗುಡ್ಡ
9 ನವೆಂಬರ್

ಶಿವಗಂಗಾ,

ಶೀಲಾ ಅವರು ಬಂದಿದ್ದರು. ನಡು ಮಧ್ಯಾಹ್ನ, ಓಣಿ ತುಂಬ ಜನ ಇರುವ ಹೊತ್ತು ನೋಡಿಯೇ ಬಂದಿದ್ದಾರೆ. ಮೈದುನ ಬಂದಿರಲಿಲ್ಲ. ಅದೇ ಕಟ್ಟೆಯ ಮುಂದೆ ನಿಂತು "ಇವರದೇನೂ ತಪ್ಪಿಲ್ಲ, ನಮ್ಮದು ತಪ್ಪಾಗೇತ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಒಳಗೆ ಕರೆದು ಚಹಾ ಕೊಟ್ಟೆ, ಕುಡಿದರು. ಮಾರನೆಯ ದಿನದಿಂದ ಎರಡು ಮನೆಯವರು ಕುಪ್ಪಸದ ಬಟ್ಟೆ ತಂದು ಇಟ್ಟುಹೋಗಿದ್ದಾರೆ.

ಇದನ್ನು ಬರೆದು ಪತ್ರ ಮುಗಿಸಿ, ನಿನ್ನನ್ನು ಕ್ಷಮಿಸಿದೆ ಎಂದು ಹೇಳಿದರೆ ಚೆನ್ನಾಗಿರುತ್ತದೆ. ಒಂದು ತಿಂಗಳಿಂದ ಹಾಗೆ ಬರೆಯಲು ಕೂರುತ್ತೇನೆ, ಏಳುತ್ತೇನೆ.

ಏಪ್ರಿಲಿನಲ್ಲಿ ಅವರೆಲ್ಲ ಬಂದಾಗ ಬಾಯಿಗೆ ಬಂದದ್ದು ಹೇಳಿ ಸಾಗಹಾಕಿದೆ ಎಂದು ಬರೆದಿದ್ದೆ. ಏನು ಹೇಳಿದೆ ಎಂದು ಬರೆಯಲಿಲ್ಲ. ಬರೆಯುತ್ತೇನೆ ಕೇಳು. "ನಾ ಹೊಲಿಯಾಕಿ ಅಷ್ಟರಿ. ಬಣ್ಣ ಹಾಕಾಂವ ಅಲ್ಲಾಸಾಬ. ಕೆಲಸ ಲಗೂ ಮುಗೀಲಂತ ಬಣ್ಣ ಸರಿಯಾಗಿ ಹತ್ತಸೂದಿಲ್ಲ ಅಂವ. ಅವನ್ನ ಹೋಗಿ ಕೇಳ್ರಿ" ಎಂದೆ.

ಅಲ್ಲಾಸಾಬನನ್ನು ನೀನು ನೋಡಿಲ್ಲ. ನಮ್ಮ ಓಣಿಯ ಆಚೆ ತುದಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ, ಮೂವತ್ತು ವರ್ಷದಿಂದ. ಅವನ ಕೆಲಸದಲ್ಲಿ ಯಾವ ತಪ್ಪೂ ಇರಲಿಲ್ಲ. ಹೊಸ ಖಣ ಯಾರು ಬಣ್ಣ ಹಾಕಿದರೂ ಬಿಡುತ್ತದೆ, ಅದನ್ನು ನಿನಗೆ ಬರೆದವಳೇ ನಾನು. ಆದರೆ ನಾಲ್ಕು ಜನ ಎದುರಿಗೆ ನಿಂತು ಕೇಳುವಾಗ ನನ್ನ ಬಾಯಿಗೆ ಬಂದದ್ದು ಅವನ ಹೆಸರು. ಮಗ್ಗದವರೆಲ್ಲ ಕೇಳಿಸಿಕೊಂಡರು. ಹುನಗುಂದದವರು ಅವನ ಮನೆಗೆ ಹೋಗಲಿಲ್ಲ, ಅವರಿಗೆ ನನ್ನ ಹೆಸರೇ ಸಾಕಾಗಿತ್ತು. ಆದರೆ ಓಣಿಯವರು ಒಬ್ಬೊಬ್ಬರಾಗಿ ಅವನಿಗೆ ನೂಲು ಕೊಡುವುದನ್ನು ಬಿಟ್ಟರು. ಮೊಹರಂ ಹೊತ್ತಿಗೆ ಅವನ ಒಲೆ ಆರಿತು. ಈಗ ಕುಳಗೇರಿ ಕ್ರಾಸಿನಲ್ಲಿ ಒಂದು ಚಹಾದ ಅಂಗಡಿಯಲ್ಲಿ ಗ್ಲಾಸು ತೊಳೆಯುತ್ತಾನೆ.

ನಿನಗೆ ಹುನಗುಂದಕ್ಕೆ ಹೋಗು ಎಂದು ಬರೆದೆನಲ್ಲ, ನನಗೆ ಆಗಲೇ ಇದೆಲ್ಲ ಗೊತ್ತಿತ್ತು. ನಿನ್ನ ಮೇಲೆ ಸಿಟ್ಟು ಇಟ್ಟುಕೊಂಡಿರುವ ತನಕ ನನಗೆ ಇದನ್ನು ನೋಡಬೇಕಾಗಿರಲಿಲ್ಲ. ಶೀಲಾ ಅವರು ನನ್ನ ಕಟ್ಟೆಯ ಮುಂದೆ ಕೈ ಮುಗಿದಾಗ ಓಣಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಅವನ ಮನೆಯ ಬೀಗ ನೋಡುತ್ತಿದ್ದೆ.

ಸೆಪ್ಟೆಂಬರಿನಲ್ಲಿ, ನಿನ್ನ ಪತ್ರ ಬಂದ ಮೇಲೆ, ಒಂದು ಸಲ ಕ್ರಾಸಿಗೆ ಹೋಗಿದ್ದೆ. ನೀನು ಹೇಳದೆ ತಿರುಗಿ ಬಂದೆ ಎಂದು ಬರೆದಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ ಎಂದೆಯಲ್ಲ. ಏನೆಂದು ಕೊಡಲಿ? ಅವನೇ ಚಹಾ ತಂದಿಟ್ಟ. ಉಗುರ ಸಂದಿಯಲ್ಲಿ ಕೆಂಪು ಬಣ್ಣ ಇನ್ನೂ ಹೋಗಿಲ್ಲ. "ಆಪಾ, ಸಕ್ಕರಿ ಕಡಿಮಿ ಹಾಕಸೇನಿ, ನಿಮಗ ಬ್ಯಾಡಲ್ಲ" ಎಂದ. ನಾನು ಅವನ ಹೆಸರು ಹೇಳಿದ್ದು ಅವನಿಗೆ ಗೊತ್ತಿದೆಯೋ ಇಲ್ಲವೋ ನನಗೆ ತಿಳಿಯದು. ಗೊತ್ತಿದ್ದೇ ಸಕ್ಕರೆಯ ಮಾತಾಡಿದ್ದರೆ ಅದು ಇನ್ನೂ ಕಷ್ಟ. ಚಹಾ ಕುಡಿದು ಮುಂದಿನ ಬಸ್ಸಿಗೆ ಬಂದುಬಿಟ್ಟೆ.

ಗುಳೇದಗುಡ್ಡದಲ್ಲಿ ಹೇಳಿದ್ದನ್ನು ಗುಳೇದಗುಡ್ಡದಲ್ಲೇ ತಿರುಗಿ ತೆಗೆದುಕೊಂಡೆ. ಮೊನ್ನೆ ಮಗ್ಗದವರ ಮುಂದೆ ಹೇಳಿದೆ. ಇನ್ನು ಉಳಿದಿರುವುದು ಅವನ ಮುಂದೆ ಹೇಳುವುದು. ಗುರುವಾರ ಹದಿನಾಲ್ಕಕ್ಕೆ, ಬೆಳಿಗ್ಗೆ ಹತ್ತರ ಬಸ್ಸಿಗೆ ಹೋಗುತ್ತೇನೆ. ಒಬ್ಬಳೇ ಹೋಗಲು ನನಗೆ ಕಾಲು ಬರುತ್ತಿಲ್ಲ. ಇದನ್ನು ಸೊಸೆಗೆ ಹೇಳಲು ಆಗುವುದಿಲ್ಲ, ಮಗನಿಗೂ ಆಗುವುದಿಲ್ಲ. ಹೇಳಬಹುದಾದವಳು ನೀನೊಬ್ಬಳೇ ಇದ್ದೀಯ.

ನೀನು ಬಾ. ಮಾತಾಡುವುದು ನನ್ನ ಕೆಲಸ, ನೀನು ಸುಮ್ಮನೆ ಪಕ್ಕದಲ್ಲಿ ಕೂತರೆ ಸಾಕು. ನಾನು ಚಹಾ ಕುಡಿದು ಹಾಗೇ ಎದ್ದರೆ, ಕೈ ಹಿಡಿದು ಕೂರಿಸು.

ನಿನ್ನ ಅಕ್ಕ
ದಸ್ತಗೀರಬಿ